ಯಾರನ್ನು ಕೇಳಬೇಕು

ಬೀಗ ತೊಳೆದದ್ದು ಉಮಾವತಿಯೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವಳಾಗಿ ಇದನ್ನು ಹದಿನೈದು ದಿನ ಯಾರ ಹತ್ತಿರವೂ ಬಾಯಿಬಿಡಲಿಲ್ಲ.

ಅದು ೧೯೯೮ರ ಆಯುಧಪೂಜೆ. ಮುಂಬೈ ಹೊರವಲಯದ ಕಲ್ಯಾಣ ಸ್ಟೇಷನ್ನಿನಿಂದ ಶಹಾಡಿನ ಕಡೆ ಹೋಗುವ ರಸ್ತೆಯಲ್ಲಿ, ಉಡುಪಿ ಕಡೆಯ ಹೋಟೆಲಿನವರೆಲ್ಲ ಸೇರಿ ನಡೆಸುವ ಒಂದು ಧರ್ಮಾರ್ಥ ದವಾಖಾನೆ ಇತ್ತು. ಕ್ಷಯದವರಿಗೆ ಅಲ್ಲಿ ಗುಳಿಗೆ ಪುಕ್ಕಟೆ. ಉಮಾವತಿ ಡೊಂಬಿವಲಿಯಿಂದ ದಿನಾ ಬಂದು ಹನ್ನೊಂದು ವರ್ಷದಿಂದ ಅಲ್ಲಿಯ ರಿಜಿಸ್ಟರು ನೋಡಿಕೊಳ್ಳುತ್ತಿದ್ದವಳು. ಹಬ್ಬದ ದಿನ ಬೇಗ ಬಂದು ಡಾಕ್ಟರರ ಸ್ಟೆತಾಸ್ಕೋಪು, ತೂಕದ ಯಂತ್ರ, ಸೂಜಿ ಕುದಿಸುವ ಪಾತ್ರೆ, ಕಪಾಟಿನ ಕೀಲಿಕೈ ಎಲ್ಲವನ್ನೂ ಒರೆಸಿ ತೊಳೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕಂಪ್ಯೂಟರಿನ ಬೆನ್ನಿಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ತುಂಡೊಂದನ್ನು ಸಿಕ್ಕಿಸಿದ್ದರು. ಅದನ್ನು ಹಾಕಿಕೊಟ್ಟ ಠಾಣೆ ಊರಿನ ಕಂಪನಿಯವನು, ಇದೇ ನಮ್ಮ ಪ್ರೋಗ್ರಾಮಿನ ಬೀಗ, ಇದಿಲ್ಲದೆ ಅದು ತೆರೆಯುವುದಿಲ್ಲ ಎಂದು ಹೇಳಿಹೋಗಿದ್ದ. ಬೀಗ ಎಂದಮೇಲೆ ಅದಕ್ಕೂ ಪೂಜೆ ಆಗಬೇಡವೇ? ಉಮಾವತಿ ಅದನ್ನು ಕಿತ್ತು, ಅದರ ಹಿತ್ತಾಳೆಯ ಹಲ್ಲು ಕಪ್ಪಾಗಿದ್ದು ಕಂಡು, ಮನೆಯ ದೀಪವನ್ನು ತಿಕ್ಕುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದಳು. ಗಂಧ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿದಳು. ಹಲ್ಲು ಬಂಗಾರದ ಹಾಗೆ ಹೊಳೆಯಿತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ವಿಜಯದಶಮಿ ಕಳೆದು ಕಂಪ್ಯೂಟರು ಹಾಕಿದರೆ, ಬೀಗ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಒರೆಸಿದಳು, ಊದಿದಳು, ಕುಂಕುಮವನ್ನು ಉಗುರಿನಿಂದ ಕೆರೆದಳು. ಮತ್ತೆ ಅದೇ ಸಾಲು.

ಒಳಗೆ ಇದ್ದದ್ದು ಇನ್ನೂರ ಹನ್ನೆರಡು ಜನರ ಹೆಸರು. ಕ್ಷಯದ ಗುಳಿಗೆಯನ್ನು ಆರು ತಿಂಗಳು ಬಿಡದೆ ತಿನ್ನಬೇಕು. ಎರಡು ತಿಂಗಳಿಗೆ ಜ್ವರ ಇಳಿದು ಅನ್ನ ರುಚಿಸತೊಡಗುತ್ತದೆ, ಜನ ಗುಣವಾಯಿತೆಂದು ಬಿಟ್ಟುಬಿಡುತ್ತಾರೆ. ಬಿಟ್ಟವರಿಗೆ ರೋಗ ತಿರುಗಿ ಬರುತ್ತದೆ, ಬಂದಾಗ ಹಳೆಯ ಗುಳಿಗೆಗೆ ಜಗ್ಗುವುದಿಲ್ಲ. ಹಾಗಾಗಿ ಉಮಾವತಿಯ ನಿಜವಾದ ಕೆಲಸ ಬಂದವರ ಹೆಸರು ಬರೆಯುವುದಲ್ಲ, ಬಾರದವರನ್ನು ಹುಡುಕಿಸುವುದು. ಬರುತ್ತಿದ್ದವರ ಕಾರ್ಡು ಅವರವರ ಕೈಯಲ್ಲಿತ್ತು. ಬಾರದವರ ಲೆಕ್ಕ ಮಾತ್ರ ಆ ಪೆಟ್ಟಿಗೆಯ ಒಳಗಿತ್ತು. ಹಳೆಯ ಕಾಗದದ ರಿಜಿಸ್ಟರುಗಳನ್ನು ಟ್ರಸ್ಟಿನ ಕಾರ್ಯದರ್ಶಿ ಪುಂಡರೀಕಾಕ್ಷ ರಾಯರು, ಇನ್ನು ಇವೆಲ್ಲ ಯಾಕೆ ಎಂದು ಹಿಂದಿನ ದೀಪಾವಳಿಗೆ ರದ್ದಿಯವನಿಗೆ ಹಾಕಿ ಕೈತೊಳೆದುಕೊಂಡಿದ್ದರು.

ಆ ಪ್ರೋಗ್ರಾಮಿನ ಮೇಲೆ ಉಮಾವತಿಗೆ ಮೊದಲಿನಿಂದಲೂ ಸಿಟ್ಟೇ. ಅದು ಬಿಲ್ಡಿಂಗಿನ ಹೆಸರು ಕೇಳುತ್ತಿತ್ತು, ರಸ್ತೆ ಕೇಳುತ್ತಿತ್ತು, ಪಿನ್ ಕೋಡು ಹಾಕದಿದ್ದರೆ ಮುಂದಕ್ಕೇ ಹೋಗುತ್ತಿರಲಿಲ್ಲ. ಅಲ್ಲಿಗೆ ಬರುತ್ತಿದ್ದವರು ಗುಲ್ಬರ್ಗಾ, ರಾಯಚೂರು, ವಿಜಾಪುರದ ಕಡೆಯ ಹಮಾಲರು, ಗಾರೆ ಕೆಲಸದವರು. ಈ ತಿಂಗಳು ಶಹಾಡಿನ ಗೋದಾಮು, ಮುಂದಿನ ತಿಂಗಳು ಟಿಟ್ವಾಳಾದಲ್ಲಿ ಏಳುತ್ತಿರುವ ಕಟ್ಟಡ. ಕೂಲಿಗೆ ಜನ ಒಯ್ಯುವ ಮುಕಾದಮ ಎಲ್ಲಿಗೆ ಕರೆದರೆ ಅಲ್ಲಿಗೆ. ಅವರಿಗೆಲ್ಲಿಯ ಪಿನ್ ಕೋಡು? ಉಮಾವತಿ ಎಲ್ಲರಿಗೂ ದವಾಖಾನೆಯದ್ದೇ ಹಾಕಿ, ಅವರನ್ನು ಹುಡುಕಲು ಬೇಕಾದ ನಿಜವಾದ ಮಾತನ್ನು, ಅಂದರೆ ಯಾವ ಮುಕಾದಮ, ಕೂಲಿಯವರು ಸೇರುವ ಯಾವ ನಾಕಾದ ಯಾವ ಚಹಾದಂಗಡಿ ಎಂಬುದನ್ನು, ಕೊನೆಯಲ್ಲಿದ್ದ ಷರಾ ಎಂಬ ಜಾಗದಲ್ಲಿ ತುರುಕುತ್ತಿದ್ದಳು. ಅಲ್ಲಿಗೆ ಇಪ್ಪತ್ತೇ ಅಕ್ಷರ ಹಿಡಿಸುತ್ತಿತ್ತು. ಉಳಿದದ್ದನ್ನು ಅದು ಸದ್ದಿಲ್ಲದೆ ಕತ್ತರಿಸಿ ಹಾಕುತ್ತಿತ್ತು. ಸ್ವಲ್ಪ ದೊಡ್ಡದು ಮಾಡಿಕೊಡಿ ಎಂದು ಎರಡು ಸಲ ಕಾಗದ ಬರೆದರೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂಬ ಉತ್ತರ ಬಂದಿತ್ತು.

ಈಗ ಬೀಗ ಹಿಡಿದುಕೊಂಡು ಠಾಣೆಗೇ ಹೋದಳು. ಕಂಪನಿಯವರು ಮರ್ಯಾದೆಯಿಂದಲೇ ಮಾತನಾಡಿದರು. ಹಳೆಯ ಬೀಗ ಈಗ ಬರುವುದಿಲ್ಲ, ಬರೆದವನು ಕೆಲಸ ಬಿಟ್ಟು ಹೋಗಿದ್ದಾನೆ, ಹೊಸ ಆವೃತ್ತಿಯನ್ನು ಪೂರ್ತಿ ಬೆಲೆಗೆ ಕೊಳ್ಳಬೇಕು, ಹಳೆಯ ಹೆಸರುಗಳು ಅದರಲ್ಲಿ ತೆರೆಯುತ್ತವೋ ಇಲ್ಲವೋ ಹೇಳಲಾಗುವುದಿಲ್ಲ. ಷರಾದ ಜಾಗ ದೊಡ್ಡದಾಗಿದೆಯೇ ಎಂದು ಉಮಾವತಿ ಕೇಳಿದಳು. ಆಗಿರಲಿಲ್ಲ. ಬಂದು ರಾಯರಿಗೆ, ಬೀಗ ಕೆಟ್ಟಿದೆ ಎಂದಷ್ಟೇ ಹೇಳಿದಳು. ಹುಣಸೆಹುಳಿಯ ವಿಷಯ ಹೊಟ್ಟೆಯಲ್ಲೇ ಉಳಿಯಿತು.

ಭೀಮಮ್ಮ ಬಂದದ್ದು ಅದೇ ವಾರ. ಜೇವರ್ಗಿ ತಾಲೂಕಿನ ಮುದಬಾಳದಿಂದ ರೈಲು ಹತ್ತಿ, ಸೆರಗಿನ ಗಂಟಿನಲ್ಲಿ ದವಾಖಾನೆಯ ಒಂದು ಕಾರ್ಡು ಕಟ್ಟಿಕೊಂಡು ಬಂದಿದ್ದಳು. ಗಂಡ ಪಂಚಮಿ ಹಬ್ಬಕ್ಕೆ ಊರಿಗೆ ಹೋಗಿದ್ದನಂತೆ. ಮೈಯೆಲ್ಲ ಆರಾಮಾಗಿದೆ ಎಂದು ಕಾರ್ಡನ್ನೂ ಮಿಕ್ಕ ಗುಳಿಗೆಯನ್ನೂ ಗೋಡೆಯ ಗೂಡಿನಲ್ಲೇ ಬಿಟ್ಟು ಮುಂಬೈಗೆ ವಾಪಸಾದನಂತೆ. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಊರಿನ ಮಾಸ್ತರರು ಕಾರ್ಡು ಓದಿ, ಇದನ್ನು ನಡುವೆ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದಿದ್ದರು. ಅಷ್ಟು ಕೇಳಿದ್ದೇ ಅವಳು ಹೊರಟುಬಂದಿದ್ದಳು.

ಗಂಡನ ಹೆಸರೇನು ಎಂದು ಉಮಾವತಿ ಕೇಳಿದಳು. ಭೀಮಮ್ಮ ತಲೆತಗ್ಗಿಸಿದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು, ಅತ್ತೆಗೆ ಅವಳ ಅತ್ತೆ.

"ಬೇವಿನಗಿಡದ ಮನಿಯಾಂವ ರೀ," ಎಂದಳು. ಅದೂ ಸಾಲದೆಂದು ಕಾರ್ಡನ್ನೇ ಮುಂದಕ್ಕೆ ಚಾಚಿದಳು. ಕಾರ್ಡಿನ ಮೇಲೆ ಮಾಪಣ್ಣ ಎಂದಿತ್ತು.

ಉಮಾವತಿಗೆ ಮನುಷ್ಯನ ನೆನಪಿತ್ತು. ಎತ್ತರದ ಹಮಾಲ, ಬಾಗಿಲು ದಾಟುವಾಗ ಬಗ್ಗುತ್ತಿದ್ದವನು. ಅವನ ಮುಕಾದಮನ ಹೆಸರನ್ನು ತಾನೇ ಟೈಪು ಮಾಡಿದ್ದೂ ನೆನಪಿತ್ತು. ಏನೆಂದು ಟೈಪು ಮಾಡಿದ್ದೆ ಎಂಬುದು ಎಷ್ಟು ತಲೆ ಕೆರೆದರೂ ಬರಲಿಲ್ಲ. ತನ್ನ ಹುಣಸೆಹುಳಿಯಿಂದ ಒಬ್ಬಳ ಗಂಡ ಕಳೆದುಹೋದನಲ್ಲ ಎನಿಸಿತು. ಭೀಮಮ್ಮ ಶಹಾಡಿನಲ್ಲಿ ತನ್ನ ಊರವರ ಜೋಪಡಿಯಲ್ಲಿ ಉಳಿದು, ಬುಟ್ಟಿ ಹೊರುವ ಕೆಲಸಕ್ಕೆ ಹೋಗತೊಡಗಿದಳು. ಗುರುವಾರ ಗುಳಿಗೆ ಹಂಚುವ ದಿನ. ಪ್ರತಿ ಗುರುವಾರ ಬಂದು ಬೆಂಚಿನ ತುದಿಯಲ್ಲಿ ಕೂತು, ಸರದಿ ಮುಗಿದ ಮೇಲೆ, "ಏನರೆ ಗೊತ್ತಾತೇನ್ರೀ ಅಕ್ಕಾರ?" ಎಂದು ಕೇಳುವಳು. ಇಲ್ಲ ಎಂದರೆ ಎದ್ದು ಹೋಗುವಳು.

ಭೀಮಮ್ಮ ಬಂದ ಮುಂದಿನ ವಾರವೇ ದವಾಖಾನೆಯ ಫೋನು ಸತ್ತಿತು. ಸರಿಮಾಡಲು ಎಕ್ಸ್‌ಚೇಂಜಿನಿಂದ ಬಂದವರು ಮುರಾರಿ ಎಂಬವರು, ಕುಂದಾಪುರ ಕಡೆಯವರು, ಐವತ್ತು ದಾಟಿದ ಮುಂಗೋಪಿ. ಫೋನಿನ ತಂತಿ ಕಟ್ಟುತ್ತ, ಬಟ್ಟೆ ಹೊದಿಸಿಟ್ಟ ಕಂಪ್ಯೂಟರನ್ನು ನೋಡಿ ಇದು ಯಾಕೆ ಹೀಗೆ ಎಂದು ಕೇಳಿದರು. ಕೇಳಿದ ದನಿಯಲ್ಲಿ ಏನಿತ್ತೋ, ಉಮಾವತಿ ಹದಿನೈದು ದಿನ ನುಂಗಿಕೊಂಡಿದ್ದನ್ನೆಲ್ಲ ಅವರ ಮುಂದೆ ಕಕ್ಕಿದಳು. ಹುಣಸೆಹುಳಿ ಸಮೇತ.

ನಗುತ್ತಾರೆ ಎಂದುಕೊಂಡಿದ್ದಳು. ಮುರಾರಿ ನಗಲಿಲ್ಲ, ಸಿಟ್ಟಾದರು. "ನೀವು ತೊಳೆದದ್ದು ತಪ್ಪಲ್ಲ ಮಾರಾಯ್ರೆ," ಎಂದರು. "ಪೆಟ್ಟಿಗೆ ನಿಮ್ದು, ಹೆಸರು ಬರ್ದವರು ನೀವು, ಒಳಗಿರುವ ಜನ ನಿಮ್ಮವರು. ತೆಗಿಲಿಕ್ಕೆ ಮಾತ್ರ ಠಾಣೆಯವನ ಅಪ್ಪಣೆ ಬೇಕು ಅಂದ್ರೆ ಎಂತ ನ್ಯಾಯ ಅದು?"

ಮನೆಯಲ್ಲಿ ಕೂತು ಪ್ರೋಗ್ರಾಮು ಬರೆಯುವ ಹುಚ್ಚು ಅವರಿಗಿತ್ತು; ಭಾನುವಾರ ತಮ್ಮದೊಂದು ಹಳೆಯ ಕಂಪ್ಯೂಟರನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದರು. ಎರಡು ಭಾನುವಾರ ಕೂತು, ಬೀಗದ ಪ್ರೋಗ್ರಾಮನ್ನು ಮುಟ್ಟದೆಯೇ, ಅದರ ಹಿಂದೆ ಬೀಗವಿಲ್ಲದೆ ಬಿದ್ದಿದ್ದ ಫೈಲಿನಿಂದ ಹೆಸರುಗಳನ್ನು ಒಂದೊಂದಾಗಿ ಹೆಕ್ಕಿದರು. ಮಾಪಣ್ಣನ ಷರಾ ಸಿಕ್ಕಿತು. ಮುಕಾದಮ ಜಟ್ಟೆಪ್ಪ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು, ಆಮೇಲೆ ಊರಿನ ಹೆಸರಿನ ಮೊದಲ ಮೂರು ಅಕ್ಷರ, ಕೆ, ಎ, ಎಲ್. ಅಲ್ಲಿಗೆ ಇಪ್ಪತ್ತು ತುಂಬಿತ್ತು. ಕಳ್ವಾ ಇರಬಹುದು, ಕಳಂಬೋಲಿ ಇರಬಹುದು, ಕಲ್ಯಾಣವೇ ಇರಬಹುದು. ಉಮಾವತಿ ಭೀಮಮ್ಮನನ್ನು ಕರೆದುಕೊಂಡು ಮೂರೂ ಕಡೆ ಅಲೆದಳು. ಕಳಂಬೋಲಿಯ ಲಾರಿ ಅಡ್ಡೆಯಲ್ಲಿ ಜಟ್ಟೆಪ್ಪನೇನೋ ಸಿಕ್ಕಿದ. ಮಾಪಣ್ಣನಿಗೆ ಕೆಮ್ಮು ಶುರುವಾಗಿ ಚೀಲ ಹೊರಲು ಆಗದೆ, ದಸರೆಗೆ ಮುಂಚೆಯೇ ಕೆಲಸ ಬಿಟ್ಟುಹೋದ ಎಂದು ಹೇಳಿದ. ಎಲ್ಲಿಗೆ ಹೋದ ಎಂದು ಅವನಿಗೂ ಗೊತ್ತಿರಲಿಲ್ಲ. ಕೆಮ್ಮು ತಿರುಗಿ ಬಂದಿದೆ ಎಂಬುದೊಂದೇ ಅವರಿಗೆ ಸಿಕ್ಕ ಸುದ್ದಿ.

ಅಷ್ಟರಲ್ಲಿ ಮುರಾರಿ ಹೊಸ ಪ್ರೋಗ್ರಾಮು ಬರೆದು ತಂದರು. ಅದು ಪಿನ್ ಕೋಡು ಕೇಳುತ್ತಿರಲಿಲ್ಲ. ಹೆಸರಾದ ಮೇಲೆ ನೇರವಾಗಿ, ಇಂಗ್ಲಿಷ್ ಅಕ್ಷರದಲ್ಲಿ ಆದರೂ ಕನ್ನಡದಲ್ಲೇ, ‘ಯಾರನ್ನು ಕೇಳಬೇಕು’ ಎಂದು ಕೇಳುತ್ತಿತ್ತು. ಎಷ್ಟು ಉದ್ದ ಬರೆದರೂ ಹಿಡಿಸುತ್ತಿತ್ತು. ಉಮಾವತಿ ಮೂರು ಸಾಲು ಬರೆದು ನೋಡಿ, ಮಗುವಿಗೆ ಹೊಸ ಅಂಗಿ ಹಾಕಿ ನೋಡಿದವಳ ಹಾಗೆ ಖುಷಿಪಟ್ಟಳು. ಮುರಾರಿ ಎರಡು ಫ್ಲಾಪಿ ಕೊಟ್ಟರು. ಒಂದರಲ್ಲಿ ಓಡುವ ಪ್ರೋಗ್ರಾಮು, ಇನ್ನೊಂದರಲ್ಲಿ ಅದನ್ನು ಹೇಗೆ ಬರೆದಿದೆ ಎಂದು ಬಿಚ್ಚಿ ತೋರಿಸುವ ಒಳಗಿನ ಬರಹ. ಇದರಲ್ಲಿ ನನ್ನ ಕೆಲಸ ಉಪ್ಪಿನಷ್ಟು, ಕೆಳಗಿನದೆಲ್ಲ ಯಾರ್ಯಾರೋ ದೇಶ ದೇಶದವರು ಬರೆದು, ಎಲ್ಲರಿಗೂ ಇರಲಿ ಎಂದು ಬಿಟ್ಟದ್ದು ಎಂದು ವಿವರಿಸಿದರು. ದುಡ್ಡು ಬೇಡ ಎಂದರು. ಒಂದು ಮಾತು ಮಾತ್ರ ನಡೆಸಿಕೊಡಬೇಕು ಎಂದು ಅದನ್ನು ಹೇಳಿ ಬರೆಸಿದರು. ಉಮಾವತಿ ತನ್ನ ದುಂಡಗಿನ ಅಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದಳು: ಯಾರು ಬೇಕಾದರೂ ಇದನ್ನು ಬಳಸಬಹುದು. ಒಳಗೆ ಏನಿದೆ ಎಂದು ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಬಹುದು, ಬೇರೆಯವರಿಗೆ ಕೊಡಬಹುದು. ಕೊಡುವಾಗ ಒಳಗಿನ ಬರಹವನ್ನೂ ಈ ಮಾತನ್ನೂ ಸೇರಿಸಿಯೇ ಕೊಡಬೇಕು.

ಪುಂಡರೀಕಾಕ್ಷ ರಾಯರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ರಾಯರು ಕೆಟ್ಟವರಲ್ಲ. ಸ್ಟೇಷನ್ ಎದುರಿನ ತಮ್ಮ ಹೋಟೆಲಿನಿಂದ ದಿನಾ ರೋಗಿಗಳಿಗೆ ಉಪಾಹಾರ ಕಳಿಸುವ ಮನುಷ್ಯ. ಆದರೆ ಟ್ರಸ್ಟಿನ ಗುಳಿಗೆಗೆ ಪ್ರತಿ ತಿಂಗಳು ಯಾರ್ಯಾರ ಮುಂದೋ ಕೈಯೊಡ್ಡಿ ಒಡ್ಡಿ ಬೇಸತ್ತವರು. ಇಷ್ಟು ಒಳ್ಳೆಯ ವಸ್ತುವನ್ನು ನಾಲ್ಕು ದವಾಖಾನೆಗೆ ಮಾರಿದರೆ ಆರು ತಿಂಗಳ ಗುಳಿಗೆ ಬರುತ್ತದಲ್ಲ ಎಂದು ಲೆಕ್ಕ ಹಾಕಿದರು. ಮಾರಿ, ಯಾರು ಬೇಡ ಅಂದರು, ಆದರೆ ಬೀಗ ಹಾಕುವ ಹಾಗಿಲ್ಲ, ಕೊಂಡವನು ಇನ್ನೊಬ್ಬನಿಗೆ ಸುಮ್ಮನೆ ಕೊಟ್ಟರೂ ನೀವು ಕೇಳುವ ಹಾಗಿಲ್ಲ ಎಂದರು ಮುರಾರಿ. ಹಾಗಾದರೆ ಕೊಳ್ಳುವ ಹುಚ್ಚ ಯಾರು ಎಂದರು ರಾಯರು. ಮಾರುವ ದಾರಿ ಕಾಣುವ ತನಕ ಯಾರಿಗೂ ಕೊಡಬಾರದು ಎಂದು ಉಮಾವತಿಗೆ ಅಪ್ಪಣೆ ಮಾಡಿ, ಎರಡೂ ಫ್ಲಾಪಿಯನ್ನು ಕಪಾಟಿನಲ್ಲಿಟ್ಟು ಕೀಲಿಕೈ ಜೇಬಿಗೆ ಹಾಕಿಕೊಂಡರು. ದೇವರು ಕೊಟ್ಟರೂ ಪೂಜಾರಿ ಬಿಡ ಎನ್ನುವುದು ಇಂಥದ್ದಕ್ಕೇ. ಪ್ರೋಗ್ರಾಮು ಕಂಪ್ಯೂಟರಿನ ಒಳಗೂ ಇದೆ, ಅಲ್ಲಿಂದ ಇನ್ನೆರಡು ಫ್ಲಾಪಿ ಮಾಡಲು ಐದು ನಿಮಿಷ ಸಾಕು ಎಂಬುದು ಅವರಿಗೆ ಹೊಳೆಯಲಿಲ್ಲ. ಉಮಾವತಿಯೂ ನೆನಪಿಸಲಿಲ್ಲ.

ನವೆಂಬರಿನ ಕೊನೆಗೆ ರಬಾಳೆಯಿಂದ ಸುನಿಲ ಎಂಬವನು ಬಂದ. ಅಲ್ಲಿಯ ಕಾರ್ಖಾನೆ ಪಟ್ಟಿಯಲ್ಲಿ ಕೂಲಿಯವರೇ ಸೇರಿ ನಡೆಸುವ ಒಂದು ಕೋಣೆಯ ದವಾಖಾನೆಯಲ್ಲಿ ಅವನು ಕಂಪೌಂಡರು. ಮೂವತ್ತರ ಸುಮಾರಿನವನು, ಅಪ್ಪ ಅಮ್ಮ ರಾಯಚೂರಿನವರು, ಇವನು ಹುಟ್ಟಿದ್ದೇ ಇಲ್ಲಿ. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಹಿಂದಿ. ಗುಳಿಗೆ ತರುವ ವ್ಯಾನಿನವನಿಂದ ಈ ಪ್ರೋಗ್ರಾಮಿನ ಸುದ್ದಿ ಕೇಳಿ ಬಂದಿದ್ದ. ಅವರ ಹತ್ತಿರವೂ ಒಂದು ಕಂಪ್ಯೂಟರಿದೆ, ಸಂಜೆ ಕ್ಲಾಸಿಗೆ ಹೋಗಿ ಪ್ರೋಗ್ರಾಮು ಬರೆಯುವುದನ್ನೂ ಅವನು ಅಷ್ಟಿಷ್ಟು ಕಲಿತಿದ್ದಾನೆ, ಕೊಳ್ಳುವ ತಾಕತ್ತು ಇಲ್ಲ, ಕೊಟ್ಟರೆ ಉಪಕಾರವಾಗುತ್ತದೆ.

ಉಮಾವತಿ ಕಪಾಟಿನ ಬಾಗಿಲನ್ನು ನೋಡಿದಳು. ರಾಯರ ಅಪ್ಪಣೆ ಒಂದು ಕಡೆ, ತಾನೇ ಬರೆದು ಅಂಟಿಸಿದ ಮಾತು ಇನ್ನೊಂದು ಕಡೆ. ಹನ್ನೊಂದು ವರ್ಷದ ನೌಕರಿ. ಮನೆಯವರು ಠಾಣೆಯ ಹೋಟೆಲೊಂದರಲ್ಲಿ ಗಲ್ಲಾ ನೋಡುವವರು, ಒಬ್ಬರ ಸಂಬಳದಲ್ಲಿ ಡೊಂಬಿವಲಿಯ ಬಾಡಿಗೆ ಖೋಲಿ ನಡೆಯುವುದಿಲ್ಲ. ಅವಳಿಗೆ ಭಯವಾಯಿತು. ಆದರೆ ಕೆ, ಎ, ಎಲ್ ಎಂಬ ಮೂರು ಅಕ್ಷರ ಕಣ್ಣ ಮುಂದೆ ಬಂತು. ರಬಾಳೆಯಲ್ಲೂ ಯಾರೋ ಒಬ್ಬಳು ಬೆಂಚಿನ ತುದಿಯಲ್ಲಿ ಕೂತಿರುತ್ತಾಳೆ ಎನಿಸಿತು. ಎರಡು ಹೊಸ ಫ್ಲಾಪಿ ತೆಗೆದು, ಎರಡನ್ನೂ ತುಂಬಿಸಿ, ಬಾಗಿಲಿನ ಮೇಲಿನ ಮಾತನ್ನು ಒಂದು ಕಾಗದಕ್ಕೆ ನಕಲು ಮಾಡಿ ಅವನ ಕೈಗಿಟ್ಟಳು.

ಮರುದಿನ ತಾನೇ ರಾಯರಿಗೆ ಹೇಳಿದಳು. ಕದ್ದು ಕೊಟ್ಟವಳು ಅನ್ನಿಸಿಕೊಳ್ಳುವ ಮನಸ್ಸಿರಲಿಲ್ಲ.

"ನನ್ನನ್ನು ಕೇಳದೆ ಕೊಟ್ಟಿರಾ?" ಎಂದರು ರಾಯರು.

"ಕೇಳಿದ್ರೆ ನೀವು ಬೇಡ ಅಂತಿದ್ರಿ ರಾಯರೇ. ಕೊಡ್ತೇವೆ ಅಂತ ಮಾತು ಕೊಟ್ಟೇ ಅಲ್ವಾ ನಾವು ತಗೊಂಡದ್ದು?"

ರಾಯರು ಮಾತು ಬೆಳೆಸಲಿಲ್ಲ. ಜನವರಿಯ ಟ್ರಸ್ಟ್ ಮೀಟಿಂಗಿನಲ್ಲಿ ಈ ವಿಷಯ ಇಡುತ್ತೇನೆ, ನಿಮ್ಮ ನೌಕರಿಯ ವಿಷಯವೂ ಅಲ್ಲೇ ತೀರ್ಮಾನವಾಗಲಿ ಎಂದು ಹೇಳಿ ಎದ್ದರು. ಅಲ್ಲಿಂದ ಮುಂದೆ ಬಂದರೆ ಡಾಕ್ಟರರೊಡನೆ ಮಾತ್ರ ಮಾತು. ಉಮಾವತಿ ಮನೆಗೆ ಹೋಗಿ ಅತ್ತಳು, ಬೆಳಿಗ್ಗೆ ಎದ್ದು ಎಂದಿನ ಲೋಕಲಿಗೆ ಹೊರಟಳು.

ಡಿಸೆಂಬರಿನ ಮೂರನೆಯ ಗುರುವಾರ ಸುನಿಲ ಮತ್ತೆ ಬಂದ, ಒಂದು ಫ್ಲಾಪಿ ಹಿಡಿದುಕೊಂಡು. ಪ್ರೋಗ್ರಾಮನ್ನು ಸ್ವಲ್ಪ ತಿದ್ದಿದ್ದೇನೆ, ನಿಮಗೂ ಉಪಯೋಗಕ್ಕೆ ಬರಬಹುದು ಎಂದು ತಂದೆ ಎಂದ. ತಂದುಕೊಡಲೇಬೇಕೆಂಬ ನಿಯಮವೇನೂ ಇರಲಿಲ್ಲ. ಕೊಟ್ಟವರಿಗೆ ಒಂದು ಬಟ್ಟಲು ಮರಳಿಸುವಾಗ ಅದನ್ನು ಬರಿದಾಗಿ ಕೊಡಬಾರದು ಎಂದು ಅವನ ಅವ್ವ ಕಲಿಸಿದ್ದಳಂತೆ.

ಏನು ತಿದ್ದಿದ್ದೀ ಎಂದು ಉಮಾವತಿ ಕೇಳಿದಳು. ಎರಡು ಪ್ರಶ್ನೆ ಸೇರಿಸಿದ್ದ: ಯಾವ ಊರು, ಯಾರ ಮನೆ. "ನಾಮ್ ತೊ ಲೋಗ್ ಕುಛ್ ಭೀ ಬತಾತೇ, ಅಕ್ಕಾ," ಎಂದ; ಹೆಸರಾದರೆ ಜನ ಏನು ಬೇಕಾದರೂ ಹೇಳುತ್ತಾರೆ. ಒಂದು ಕಡೆ ಗುಳಿಗೆ ಬಿಟ್ಟುಬಂದವರು ಬೈಗುಳಕ್ಕೆ ಹೆದರಿ ಇನ್ನೊಂದು ಕಡೆ ಬೇರೆ ಹೆಸರು ಹೇಳಿ ಹೊಸ ರೋಗಿಯ ಹಾಗೆ ಸೇರಿಕೊಳ್ಳುತ್ತಾರೆ. ಅವರಿಗೆ ಮೊದಲ ಸಲದವರ ಗುಳಿಗೆಯೇ ಸಿಗುತ್ತದೆ, ಅದು ನಾಟುವುದಿಲ್ಲ. ನಮ್ಮ ಕಡೆಯವರು ಹೆಸರನ್ನು ಬದಲಿಸಿದರೂ, ಯಾವ ಊರು, ಯಾರ ಮನೆ ಎಂದು ಕೇಳಿದರೆ ಸುಳ್ಳು ಹೇಳುವುದಿಲ್ಲ, ಮನೆತನದ ಹೆಸರಿನಲ್ಲಿ ಸುಳ್ಳಾಡಿದರೆ ಹಿರಿಯರು ಸುಮ್ಮನಿರುವುದಿಲ್ಲ ಎಂಬ ಅಂಜಿಕೆ. ಇದನ್ನು ಬರೆದವರು ಫೋನಿನವರು, ಅವರಿಗೆ ಹೇಗೆ ಗೊತ್ತಾಗಬೇಕು ಎಂದ ಸುನಿಲ.

ಬೇವಿನಗಿಡದ ಮನಿಯಾಂವ. ಉಮಾವತಿಗೆ ತಟ್ಟನೆ ನೆನಪಾಯಿತು. ಮೊದಲ ದಿನವೇ ಭೀಮಮ್ಮ ಬಾಯಿಬಿಟ್ಟು ಹೇಳಿದ್ದ ಮಾತು. ಬರೆದುಕೊಳ್ಳಲು ಜಾಗವಿಲ್ಲವೆಂದು ತಾನು ಬಿಟ್ಟುಬಿಟ್ಟಿದ್ದ ಮಾತು. ಫ್ಲಾಪಿಯಲ್ಲಿ ರಬಾಳೆಯ ಪಟ್ಟಿಯೂ ಇತ್ತು. ಮುದಬಾಳ, ಬೇವಿನಗಿಡದ ಮನೆ ಎಂದು ಟೈಪು ಮಾಡಿ ಒತ್ತಿದಳು. ಒಂದು ಹೆಸರು ಬಂತು. ಶರಣಪ್ಪ, ವಯಸ್ಸು ಮೂವತ್ತೈದು, ಹೊಸ ರೋಗಿ, ಸೇರಿದ್ದು ಆರು ವಾರದ ಹಿಂದೆ. ಯಾರನ್ನು ಕೇಳಬೇಕು ಎಂಬಲ್ಲಿ, ರಬಾಳೆ ನಾಕಾದಲ್ಲಿ ಚಹಾದಂಗಡಿ ಇಟ್ಟ ಅಂಗಾರ ಎಂದಿತ್ತು. ಆ ಮನುಷ್ಯ ಹೇಗಿದ್ದಾನೆ ಎಂದು ಕೇಳಿದಳು. ಎತ್ತರದವನು, ಗುಳಿಗೆ ತಿಂದರೂ ಸುಧಾರಿಸುತ್ತಿಲ್ಲ, ಡಾಕ್ಟರರಿಗೆ ಯಾಕೆಂದೇ ತಿಳಿಯುತ್ತಿಲ್ಲ ಎಂದ ಸುನಿಲ.

ಭೀಮಮ್ಮ ಬೆಂಚಿನ ತುದಿಯಲ್ಲೇ ಇದ್ದಳು. ನಿಮ್ಮ ಮನೆಯಲ್ಲಿ ಶರಣಪ್ಪ ಎಂಬವರು ಇದ್ದಾರಾ ಎಂದು ಉಮಾವತಿ ಕೇಳಿದಳು.

"ಇದ್ದ ರೀ. ನನ್ನ ಮೈದುನ," ಎಂದಳು ಭೀಮಮ್ಮ. "ಇದೇ ಕೆಮ್ಮಿನಾಗ ಹೋಗಿ ಮೂರು ವರ್ಷ ಆತು."

ಕೇಳಿಸಿಕೊಳ್ಳುತ್ತಿದ್ದವರು ಇನ್ನೊಬ್ಬರಿದ್ದರು. ಡಾಕ್ಟರರ ಕೋಣೆಯ ಬಾಗಿಲಲ್ಲಿ ಪುಂಡರೀಕಾಕ್ಷ ರಾಯರು ನಿಂತಿದ್ದರು. ಅಲ್ಲಿಂದಲೇ ಹೊರಟುಹೋದರು. ಶನಿವಾರ ರಬಾಳೆಯಲ್ಲಿ ಗುಳಿಗೆಯ ದಿನ. ಆ ಬೆಳಿಗ್ಗೆ ಉಮಾವತಿ ಭೀಮಮ್ಮನೊಂದಿಗೆ ಕಲ್ಯಾಣ ಸ್ಟೇಷನ್ನಿನಲ್ಲಿ ನಿಂತಿದ್ದಾಗ ರಾಯರು ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಹೋಟೆಲಿನ ಇಡ್ಲಿಯ ಪೊಟ್ಟಣ, ಅದರ ಮೇಲೆ ಕಪಾಟಿನ ಕೀಲಿಕೈ. ಇದು ನಿಮ್ಮ ಹತ್ತಿರವೇ ಇರಲಿ, ನನಗೆ ಮರೆವು ಜಾಸ್ತಿ ಎಂದರು. ಟಿಟ್ವಾಳಾದ ದವಾಖಾನೆಯವರೂ ಆ ಪ್ರೋಗ್ರಾಮು ಕೇಳುತ್ತಿದ್ದಾರೆ, ಪುರುಸೊತ್ತಾದಾಗ ಕೊಟ್ಟುಬಿಡಿ ಎಂದರು. ಮೀಟಿಂಗಿನ ಮಾತು ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಠಾಣೆಯ ತನಕ ಲೋಕಲು, ಅಲ್ಲಿಂದ ಬೇಲಾಪುರ ರಸ್ತೆಯ ಬಸ್ಸು. ರಬಾಳೆಯ ದವಾಖಾನೆ ತಗಡಿನ ಮಾಡಿನ ಒಂದೇ ಕೋಣೆ. ಹೊರಗೆ ಸಾಲು. ಸಾಲಿನ ನಡುವೆ ಎಲ್ಲರಿಗಿಂತ ಎತ್ತರದವನೊಬ್ಬ ಗೋಡೆಗೆ ಒರಗಿ ನಿಂತಿದ್ದ. ಅಂಗಿಯೊಳಗೆ ಮೈಯೇ ಇರಲಿಲ್ಲ. ಭೀಮಮ್ಮ ನಿಂತಲ್ಲೇ ನಿಂತಳು. ಅವನು ಅವಳನ್ನು ಕಂಡ, ಕಂಡವನೇ ಮುಖವನ್ನು ಗೋಡೆಗೆ ತಿರುಗಿಸಿದ.

ಒಳಗಿನಿಂದ ಸುನಿಲ ಶರಣಪ್ಪ ಎಂದು ಕರೆದ. ಅವನು ಬಗ್ಗಿ ಬಾಗಿಲು ದಾಟಿದ. ಹೆಂಗಸರಿಬ್ಬರೂ ಹಿಂದೆಯೇ ಹೋದರು. ಡಾಕ್ಟರರಿಗೆ ಸುನಿಲ ಎಲ್ಲ ಮೊದಲೇ ಹೇಳಿದ್ದ, ಆದರೂ ರೋಗಿಯ ಬಾಯಿಂದಲೇ ಬರಬೇಕಲ್ಲ. ಮೊದಲು ಎಲ್ಲಿಯಾದರೂ ಗುಳಿಗೆ ತಿಂದದ್ದುಂಟೇ, ಇದು ನಿನ್ನ ನಿಜವಾದ ಹೆಸರೇ ಹೌದೇ ಎಂದು ಮೆತ್ತಗೆ ಕೇಳಿದರು. ಬಿಟ್ಟುಬಂದವರಿಗೆ ಗುಳಿಗೆಯೇ ಬೇರೆ, ಎಂಟು ತಿಂಗಳು, ಮೊದಲ ಎರಡು ತಿಂಗಳು ಸೂಜಿಯೂ ಬೇಕು, ನಿಜ ಹೇಳಿದರೆ ಇನ್ನೂ ಹೊತ್ತು ಮೀರಿಲ್ಲ ಎಂದರು. ಆದರೆ ಒಮ್ಮೆ ಬಿಟ್ಟವರಿಗೆ ಇನ್ನು ಗುಳಿಗೆಯೇ ಕೊಡುವುದಿಲ್ಲವಂತೆ ಎಂದು ಶಹಾಡಿನ ಗೋದಾಮಿನಲ್ಲಿ ಯಾರೋ ಅವನ ತಲೆಗೆ ತುಂಬಿದ್ದರು. ಅವನು ನೆಲ ನೋಡುತ್ತ, ನಾ ಶರಣಪ್ಪನೇ ಹೌದು, ಹಿಂದೆಲ್ಲೂ ತಿಂದಿಲ್ಲ ಎಂದ. ಹೇಳುವಷ್ಟರಲ್ಲಿ ಕೆಮ್ಮು ಬಂತು. ಬಹಳ ಹೊತ್ತು ನಿಲ್ಲಲಿಲ್ಲ.

ಡಾಕ್ಟರರು ಉಮಾವತಿಯ ಕಡೆ ನೋಡಿದರು. ಇವನೇ ಎಂದು ಹೇಳಲು ಉಮಾವತಿ ಬಾಯಿ ತೆರೆದಳು. ಅಷ್ಟರಲ್ಲಿ ಭೀಮಮ್ಮ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಮುಂದೆ ಬಂದಳು. ಅವಳ ತುಟಿ ಒಮ್ಮೆ ಅಲುಗಿತು, ದನಿ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು.

"ಮಾಪಣ್ಣ," ಎಂದಳು. "ಇಂವ ಮಾಪಣ್ಣ ರೀ. ನನ್ನ ಗಂಡ. ಶರಣಪ್ಪ ಸತ್ತಾನ. ಇಂವ ಬದುಕಬೇಕ್ರಿ."

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಹದಿನಾಲ್ಕು ವರ್ಷದಲ್ಲಿ ಅವಳ ಬಾಯಿಂದ ತನ್ನ ಹೆಸರನ್ನು ಕೇಳಿದ್ದು ಅದೇ ಮೊದಲು. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಭೀಮಮ್ಮ ಸೆರಗಿನ ಗಂಟು ಬಿಚ್ಚಿ ಹಳೆಯ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರರು ಶರಣಪ್ಪನ ಕಾರ್ಡನ್ನು ಹರಿದು ಹಾಕಿ ಹೊಸದು ಬರೆಯತೊಡಗಿದರು.

ಸುನಿಲ ಕಂಪ್ಯೂಟರಿನ ಮುಂದೆ ಕೂತ. ಹೆಸರು ತಿದ್ದಿದ. ಊರು, ಮನೆ ತಿದ್ದುವಂಥದ್ದೇನೂ ಇರಲಿಲ್ಲ. ಯಾರನ್ನು ಕೇಳಬೇಕು ಎಂಬಲ್ಲಿ ಚಹಾದಂಗಡಿಯ ಅಂಗಾರನ ಹೆಸರನ್ನು ಅಳಿಸಿ ಉಮಾವತಿಯ ಮುಖ ನೋಡಿದ. ಉಮಾವತಿ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಟೈಪು ಮಾಡಿದಳು. ಭೀಮಮ್ಮ, ಹೆಂಡತಿ. ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾಳೆ.

ಇಪ್ಪತ್ತು ಅಕ್ಷರ ಯಾವಾಗಲೋ ದಾಟಿತ್ತು. ಒಂದೂ ಕತ್ತರಿಸಿ ಹೋಗಲಿಲ್ಲ.